ಸೋಪಿನ ಪಕ್ಕದ ಉಂಗುರ

ನಿನ್ನೆ ಬೆಳಿಗ್ಗೆ ಮುಖ ತೊಳೆಯಲು ಹೋದರೆ ವಾಶ್‌ಬೇಸಿನ್ ಮೇಲೆ, ಸೋಪಿನ ಪಕ್ಕದಲ್ಲಿ, ಸೊಸೆಯ ಬಂಗಾರದ ಉಂಗುರ. ಮರೆತಿದ್ದಾಳೆಂದು ಕೂಗಿದೆ. ಸ್ವಾತಿ ಓಡಿ ಬಂದು ತುಟಿಯ ಮೇಲೆ ಬೆರಳಿಟ್ಟಳು.

"ಮುಟ್ಟಬ್ಯಾಡ್ರಿ ಆಯಿ, ನಾನ ಇಟ್ಟೇನಿ. ಅಡಗಿಯಾಕಿ ಹೊಸಾಕಿ ಅದಾಳಲ್ಲಾ, ನೋಡೂಣಂತ."

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಏನಾದರೂ ಇಟ್ಟಿರುತ್ತಾರೆ, ಸುಳ್ಳು ಹೇಳಬೇಡಿ.

ಬೆಳಗಾವಿಯ ಕಾನ್ವೆಂಟ್ ಮುಗಿಸಿ, ನಿಪ್ಪಾಣಿಯ ಈ ತಂಬಾಕು ವ್ಯಾಪಾರದ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಬಚ್ಚಲಮನೆಯ ಗೂಡಿನಲ್ಲಿ ನನಗೂ ಒಂದು ಉಂಗುರ ಕಾದಿತ್ತು. ಮನುಷ್ಯರೆಲ್ಲ ಬೇಸಿಕಲಿ ಒಳ್ಳೆಯವರು ಎಂದು ನನಗೆ ಕಲಿಸಿದವರು ಸಿಸ್ಟರುಗಳು. ಶನಿವಾರ ನಮ್ಮ ಟ್ರಂಕುಗಳನ್ನು ತಲೆಕೆಳಗು ಮಾಡಿ ತಪಾಸಣೆ ಮಾಡುತ್ತಿದ್ದವರೂ ಅವರೇ. ಅದು ಆಗ ನನಗೆ ಹೊಳೆದಿರಲಿಲ್ಲ. ಉಂಗುರ ಕಂಡೊಡನೆ ಅತ್ತೆಯ ಆಟ ತಿಳಿದು ಮೈ ಉರಿಯಿತು. ಬೆರಳಿಗೆ ಹಾಕಿಕೊಂಡು ಸೀದಾ ಊಟಕ್ಕೆ ಬಡಿಸಲು ಹೋದೆ.

"ಯಾರದ ಅದು ಉಂಗುರ?" ಎಂದರು ಅತ್ತೆ.

"ಗೂಡಿನ್ಯಾಗ ಬಿದ್ದಿತ್ತರಿ. ನನಗ ಕರೆಕ್ಟ್ ಫಿಟ್ ಆತ್ರಿ."

ನಕ್ಕು ನಕ್ಕು ಮಾವನವರಿಗೆ ಮಜ್ಜಿಗೆ ನೆತ್ತಿಗೇರಿತು. ಅತ್ತೆ ನಗಲಿಲ್ಲ. ಸಂಜೆ ಕರೆದು ಕೂರಿಸಿಕೊಂಡರು.

"ಚೀಲದ ಬಾಯಾಗಿನ ತಂಬಾಕ ನೋಡಿ ಯಾರರ ವ್ಯಾಪಾರ ಮಾಡ್ತಾರೇನ? ನಡಬರಕ ಕೈ ಹಾಕಿ, ಒಂದ ಹಿಡಿ ತಗದು ಮೂಸಬೇಕು. ಮನಷ್ಯಾರದೂ ಅಷ್ಟ."

"ನಾ ತಂಬಾಕ ಅಲ್ಲರಿ, ಅತ್ತಿ."

"ಹೌದು, ಬಾಯಿ ಅದಕ್ಕಿಂತ ಖಾರ ಐತಿ."

ಉಂಗುರ ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ. ಅವರು ಕೊನೆಯವರೆಗೆ ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ನಾನು ಕಪಾಟು ತೆರೆದೇ ಬಾಳಿದೆ. ಏನೂ ಕಳೆಯಲಿಲ್ಲವೆಂದರೆ ಸುಳ್ಳಾದೀತು. ಒಂದು ಟ್ರಾನ್ಸಿಸ್ಟರ್, ಒಂದು ಒಳ್ಳೆಯ ಇಳಕಲ್ ಸೀರೆ ಹೋದವು. ಬೀಗ ಹಾಕಿದ ಮನೆಗಳಲ್ಲೂ ಹೋಗುತ್ತವೆ ಬಿಡಿ.

ಇಂಥ ನಾನು ಸುಮ್ಮನಿರಲುಂಟೆ? ಸ್ವಾತಿಯ ಎದುರೇ ಅಡಿಗೆಯ ಮಾಲಾಳನ್ನು ಕರೆದೆ. "ಮಾಲಾ, ಆ ಉಂಗುರ ನಿನ್ನ ಟೆಸ್ಟ್ ಮಾಡಾಕ ಇಟ್ಟಾರ. ಐ ಆಮ್ ಸಾರಿ."

ಅವಳ ಕಣ್ಣು ತುಂಬಿ ಬರುತ್ತದೆಂದು ಕಾದೆ. ಅವಳು ಹಿಟ್ಟಿನ ಕೈಯನ್ನೇ ಸೊಂಟದ ಮೇಲಿಟ್ಟಳು.

"ಏನ್ ಮಾಡಿದ್ರಿ ಆಯಿ! ನನಗ ಗೊತ್ತಿತ್ತರಿ. ಸ್ವಾತಿ ಅಕ್ಕಾರ ಕೈಯಾಗ ಕೊಡಾಕಿ ಇದ್ನಿ. ಈಗ ನೀವ ಹೇಳಿಬಿಟ್ರಿ. ಇನ್ನ ನಾ ಪಾಸ್ ಆಗೂದು ಹೆಂಗ?"

ಸ್ವಾತಿ ಕಿಸಕ್ಕೆಂದಳು. ಅಂದು ಉಂಗುರ ಹಾಕಿಕೊಂಡು ಬಡಿಸಲು ಹೋದವಳು ಮನೆಯ ಸೊಸೆ, ಮಾವ ನಕ್ಕರು. ಅಡಿಗೆಯವಳು ಹಾಕಿಕೊಂಡಿದ್ದರೆ ಪೊಲೀಸರು ಬರುತ್ತಿದ್ದರು. ಇಷ್ಟು ತಿಳಿಯಲು ನನ್ನ ಕೂದಲೆಲ್ಲ ಬೆಳ್ಳಗಾಗಬೇಕಾಯಿತು.

ಆದರೂ ಆ ಪರೀಕ್ಷೆಯನ್ನು ನಾನು ಒಪ್ಪಲಾರೆ. ಹಿತ್ತಲ ಬಾಗಿಲಿನ ಕೀಲಿ ತಂದು ಮಾಲಾಳ ಕೈಗಿಟ್ಟೆ. "ನಾಳಿಂದ ನೀನ ತಗದು ಬಾ."

"ಆಯಿ, ಬ್ಯಾಡ್ರಿ!" ಎಂದಳು ಸ್ವಾತಿ.

"ಮನಿ ಇನ್ನೂ ನನ್ನ ಹೆಸರಿಲೆ ಐತಿ, ಸ್ವಾತಿ."

"ಏನರ ಕಳದ್ರ?" ಎಂದಳು ಮಾಲಾ, ಕೀಲಿ ಹಿಡಿದುಕೊಂಡೇ.

"ನೀನೂ ನಾನೂ ಕೂಡಿ ಹುಡುಕೂಣು."

ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡಳು. ಎರಡು ಗಂಟು ಹಾಕಿ.

ಇಂದು ನಾನು ಏಳುವ ಮೊದಲೇ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಸ್ವಾತಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ. ರೊಟ್ಟಿ ಮಾತ್ರ ಬಿಡಲಿಲ್ಲ. ಬಿಸಿಬಿಸಿ ಎರಡು ತಿಂದಳು.