ಕುಣಿಯದ ಕುದುರೆಯ ಅಮೀರುನ್ನಿಸಾ

ಮಾದನಹಿಪ್ಪರಗಾದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಅಂಗಳದ ತಗಡಿನ ಚಪ್ಪರದ ಕೆಳಗೆ ಅಮೀರುನ್ನಿಸಾ ಬಿಳಿ ಕುದುರೆಯೊಂದರ ಜೂಲು ಎತ್ತಿ ಹಿಡಿದು, ಅದರ ಬುಡದಲ್ಲಿ ಅಂಗೈ ಆಡಿಸುತ್ತಿದ್ದಾರೆ. ಚರ್ಮ ಬಿಸಿಯಾಗಿದೆಯೋ, ಹಕ್ಕಳೆ ಎದ್ದಿದೆಯೋ, ಉದುರಿದ ಕಡೆ ಕೂದಲು ಮತ್ತೆ ಬರುತ್ತಿದೆಯೋ ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದಂತೆ. ಪಕ್ಕದ ಸ್ಟೂಲಿನ ಮೇಲೆ ಹಳೆಯ ಟೇಬಲ್ ಫ್ಯಾನು ಗರಗರ ತಿರುಗುತ್ತಿದೆ. ಅದರ ಗಾಳಿಯೆಲ್ಲ ಕುದುರೆಗೇ.

ಪಕ್ಕದ ಮನೆಯ ನಿಂಬೆವ್ವ ಅಂಗಳ ಗುಡಿಸುತ್ತ ನಗುತ್ತಾರೆ. "ಗಂಡ ಬೆವರಾಗ ತೊಯ್ದು ಮಲಗ್ಯಾನ, ಈಕಿ ಕುದುರಿಗಿ ಫ್ಯಾನ್ ಹಚ್ಯಾಳ. ಎಂಥಾಕಿ ಬೇ ನೀ."

"ಗಂಡಗ ನುಸಿ ಕಡದ್ರ ಕೈಲೆ ಹೊಡ್ಕೋತಾನ ಎವ್ವಾ. ಇದಕ್ಕ ಕೈ ಎಲ್ಲಿ ಅವ?"

ಕುದುರೆಯ ಹೆಸರು ಚಾಂದನಿ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮದುವೆ ಮೆರವಣಿಗೆಗಳಲ್ಲಿ ನೀವು ಅದನ್ನು ನೋಡಿರಬಹುದು. ಅದರ ಮೇಲೆ ಕುಳಿತ ಮದುಮಗನನ್ನಂತೂ ನೋಡಿಯೇ ಇರುತ್ತೀರಿ. ಲಗಾಮು ಹಿಡಿದು ನಡೆಯುವ ಪೇಟದ ಖಾಜಾ ಕೂಡ ಫೋಟೋದ ಅಂಚಿನಲ್ಲಿ ಅರ್ಧ ಬಿದ್ದಿರುತ್ತಾರೆ. ಅವರ ಹೆಂಡತಿ ಅಮೀರುನ್ನಿಸಾ ಮಾತ್ರ ಯಾವ ಆಲ್ಬಮ್ಮಿನಲ್ಲೂ ಇಲ್ಲ. ಆ ಕುದುರೆ ಮದುವೆಮನೆಗೆ ಬರುವಂತಾಗಲು ಯಾರು ಏನು ಮಾಡಿದರು ಎಂದು ಊಟ ಮಾಡಿ ಕೈ ತೊಳೆದುಕೊಂಡ ಯಾರೂ ಕೇಳಿಲ್ಲ.

ಚಾಂದನಿಗೆ ನುಸಿಯ ಕಡಿತ ಆಗಿಬರುವುದಿಲ್ಲ. ಸಾಸಿವೆಗಿಂತ ಸಣ್ಣ ಆ ಹುಳ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಬಂದು ಜೂಲಿನ ಬುಡ, ಬಾಲದ ಬುಡ, ಹೊಟ್ಟೆಯ ಕೆಳಗೆ ಕಚ್ಚಿದರೆ ಸಾಕು, ಮೈಯೆಲ್ಲ ತುರಿಕೆ. ಎರಡು ವರ್ಷದ ಹಿಂದೆ ಅದು ಅಂಗಳದ ಬೇವಿನ ಮರಕ್ಕೆ ಮೈ ಉಜ್ಜಿ ಉಜ್ಜಿ ರಕ್ತ ಮಾಡಿಕೊಂಡಿತ್ತು.

"ಮೊದಲ ನದರ ಆಗ್ಯಾದ ಅಂದ್ರು. ಕರಿ ದಾರ ಕಟ್ಟಿದೇವ್ರಿ, ಅದು ತಿಕ್ಕಿ ಮತ್ತಷ್ಟು ಹುಣ್ಣಾತು. ಆಮ್ಯಾಲ ಟ್ರ್ಯಾಕ್ಟರಿಂದು ಸುಟ್ಟ ಆಯಿಲ್ ಹಚ್ರಿ ಅಂದ್ರು. ಅದನ್ನೂ ಹಚ್ಚಿದೆ. ಕುದುರಿ ನಡುಗಾಕತ್ತಿತು. ಅವತ್ತು ದನದ ದವಾಖಾನಿ ಡಾಕ್ಟರಬಾಯಿ ಹತ್ರ ಹೋಗಿ ಅತ್ತುಬಿಟ್ಟೇನ್ರಿ" ಎಂದು ಅಮೀರುನ್ನಿಸಾ ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಡಾಕ್ಟರು ಬೈಯಲಿಲ್ಲ. ಇದು ಹೋಗುವ ರೋಗವಲ್ಲ, ನೋಡಿಕೊಳ್ಳುವ ರೋಗ ಎಂದು ಕೂರಿಸಿ ತಿಳಿಸಿದರು. ಫ್ಯಾನಿನ ಸಲಹೆಯೂ ಅವರದೇ. ನುಸಿಗೆ ಗಾಳಿಗೆ ಎದುರಾಗಿ ಹಾರುವ ಶಕ್ತಿ ಇಲ್ಲ. ಅಂದಿನಿಂದ ಅಮೀರುನ್ನಿಸಾ ಲದ್ದಿಯನ್ನು ಚಪ್ಪರದಿಂದ ದೂರ ಒಯ್ದು ಹಾಕುತ್ತಾರೆ, ನೀರು ನಿಲ್ಲಲು ಬಿಡುವುದಿಲ್ಲ, ಮೇವಿನ ಕಣಿಕೆಯನ್ನು ಧೂಳು ಝಾಡಿಸಿ ಹಾಕುತ್ತಾರೆ. ಡಾಕ್ಟರು ಕೊಟ್ಟ ಔಷಧದಿಂದ ತೊಳೆದು, ಒಣಗಿಸಿ, ತಮ್ಮ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ ಹತ್ತಿಯ ಹೊದಿಕೆಯನ್ನು ಕುದುರೆಗೆ ಹಾಕುತ್ತಾರೆ. ಹಬ್ಬವಿರಲಿ, ಜ್ವರವಿರಲಿ, ಈ ಕೆಲಸಕ್ಕೆ ರಜೆ ಇಲ್ಲ.

ನುಸಿಯನ್ನೇನೋ ಫ್ಯಾನಿನಿಂದ ಓಡಿಸಬಹುದು. ಮದುವೆಮನೆಯ ಮಂದಿಯನ್ನು ಯಾವ ಫ್ಯಾನಿನಿಂದ ಓಡಿಸುವುದು? ಬಿಳಿ ಕುದುರೆ ಬಿಳಿಯಾಗಿದ್ದರೆ ಇವರಿಗೆ ಸಾಲದು. ಬಟ್ಟೆಯ ಪೌಡರಿನಿಂದ ತಿಕ್ಕಿ, ನೀಲಿ ಹಾಕಿ ತನ್ನಿ ಎನ್ನುವವರಿದ್ದಾರೆ. ಬೆನ್ನಿಗೆ ಅಂಟು ಹಚ್ಚಿ ಚಮಕಿ ಮೆತ್ತುತ್ತಾರೆ, ಬಾಲಕ್ಕೆ ಬೆಳ್ಳಿಬಣ್ಣ ಹೊಡೆಯುತ್ತಾರೆ, ಮುಖಕ್ಕೇ ನೊರೆ ಚಿಮ್ಮಿಸುತ್ತಾರೆ. ಮದುಮಗನ ಕೆನ್ನೆಗೆ ಹಚ್ಚುವ ಕ್ರೀಮನ್ನು ಮೊದಲು ಕೈಗೆ ಹಚ್ಚಿ ಪರೀಕ್ಷೆ ಮಾಡುವ ಜನ ಇವರು. ಕುದುರೆಗೂ ಚರ್ಮವಿದೆ ಎಂಬುದು ಇವರ ತಲೆಗೆ ಹೊಳೆಯುವುದಿಲ್ಲ. ನನಗಂತೂ ಮೈ ಉರಿಯುತ್ತದೆ.

ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿ ನೆಲೋಗಿಯ ಮದುವೆಯದು. ಹೋದ ವರ್ಷ ಅಲ್ಲಿ ಬ್ಯಾಂಡಿನ ಮುಂದೆ ಚಾಂದನಿ 'ಕುಣಿಯಿತು'. ಮಂದಿ ಸೀಟಿ ಹೊಡೆದರು, ನೋಟು ನಿವಾಳಿಸಿದರು. ಯಾರೂ ಕಲಿಸದೆ ಕುದುರೆ ಕುಣಿಯಿತಲ್ಲ ಎಂದು ಖಾಜಾ ಕೂಡ ಬೀಗುತ್ತ ಮನೆಗೆ ಬಂದು ಹೆಂಡತಿಗೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದರು.

ಆ ವಿಡಿಯೋ ಇನ್ನೂ ಇದೆ. ಅಮೀರುನ್ನಿಸಾ ನನ್ನ ಕೈಗೆ ಮೊಬೈಲು ಕೊಟ್ಟು, "ಆವಾಜ್ ಬಂದ್ ಮಾಡಿ ನೋಡ್ರಿ ಅಕ್ಕಾರೆ" ಎನ್ನುತ್ತಾರೆ. ಬಂದ್ ಮಾಡುತ್ತೇನೆ. ಬ್ಯಾಂಡಿನ ಸದ್ದು ಹೋದದ್ದೇ ಕುಣಿತವೂ ಹೋಗುತ್ತದೆ. ಉಳಿಯುವುದು ಒಂದು ಮೂಕಪ್ರಾಣಿ. ಹಿಂಗಾಲು ಎತ್ತಿ ಹೊಟ್ಟೆ ಒದ್ದುಕೊಳ್ಳುತ್ತಿದೆ, ಚಮಕಿ ಮೆತ್ತಿದ ಬೆನ್ನು ತಿರುಚುತ್ತಿದೆ, ತುರಿಸಿಕೊಳ್ಳಲು ಗೋಡೆ ಹುಡುಕುತ್ತಿದೆ. ಸುತ್ತ ಮನುಷ್ಯರು ಬಾಯಿ ತೆರೆದು ನಗುತ್ತಿದ್ದಾರೆ.

ಅಂದಿನಿಂದ ಅಮೀರುನ್ನಿಸಾ ಹಾಕಿದ ಶರತ್ತು ಎರಡೇ: ಬಣ್ಣ, ಚಮಕಿ, ನೊರೆ ಯಾವುದೂ ಇಲ್ಲ, ಮತ್ತು ಕುದುರೆಯ ಜೊತೆ ತಾವೂ ಬರುತ್ತಾರೆ. ಹಲವರು ಬೇರೆ ಕುದುರೆ ನೋಡಿಕೊಂಡರು. ಮೆರವಣಿಗೆಯಲ್ಲಿ ಕುದುರೆಯವನ ಹೆಂಡತಿಗೇನು ಕೆಲಸ ಎಂದವರೂ ಇದ್ದಾರೆ. ಸಂಬಂಧಿಕರು ಖಾಜಾ ಅವರನ್ನು ಹೆಂಡತಿಯ ಸೆರಗು ಹಿಡಿದವನೆಂದು ಚುಚ್ಚಿದರು.

ಇವತ್ತು ಮಟಕಿ ಎಂಬ ಊರಿನಲ್ಲಿ ಮದುವೆ, ನಾನೂ ಜೊತೆಗೆ ಹೋಗಿದ್ದೇನೆ. ಸಂಜೆ ಮೆರವಣಿಗೆ ಹೊರಡುವ ಹೊತ್ತಿಗೆ ಮದುಮಗನ ಸೋದರಮಾವ ಹಣಮಂತ್ರಾಯರು ಬೆಳ್ಳಿಬಣ್ಣದ ಸ್ಪ್ರೇ ಡಬ್ಬಿ ಹಿಡಿದು ಬರುತ್ತಾರೆ. ಅಮೀರುನ್ನಿಸಾ ಬಾಲದ ಮುಂದೆ ಅಡ್ಡ ನಿಲ್ಲುತ್ತಾರೆ.

"ಆಗಂಗಿಲ್ರಿ. ಮೊದಲೇ ಹೇಳೇವಿ."

"ಹೆಣ್ಮಕ್ಕಳ ಕೂಡ ನನಗೇನ್ ಮಾತು? ಖಾಜಾ, ಆಕೀನ್ನ ಆಕಡೆ ಸರಸಲೇ. ಇಲ್ಲಂದ್ರ ಕುದುರಿ ಹೊಡ್ಕೊಂಡು ನಡಿ."

ಖಾಜಾ ಲಗಾಮು ನೋಡುತ್ತ ನಿಲ್ಲುತ್ತಾರೆ. ಈ ಹಂಗಾಮಿನಲ್ಲಿ ಕೈತಪ್ಪಿದ ಮದುವೆಗಳು ಅವರಿಗೆ ನೆನಪಾಗುತ್ತಿರಬೇಕು. ಅಮೀರುನ್ನಿಸಾ ಗಂಡನ ಕಡೆ ತಿರುಗಿಯೂ ನೋಡುವುದಿಲ್ಲ, ಅವರ ಅಂಗೈ ಕುದುರೆಯ ಬೆನ್ನ ಮೇಲಿದೆ. ಕಡೆಗೆ ಖಾಜಾ ಬಾಯಿಬಿಡುತ್ತಾರೆ. "ಆಕಿ ಬ್ಯಾಡಂದ್ರ ಬ್ಯಾಡ್ರಿ ಸಾವಕಾರ್ರೆ. ನಾ ಲಗಾಮ್ ಅಷ್ಟೇ ಹಿಡಿಯಾಂವ, ಕುದುರಿ ಮೈ ಆಕಿಂದದ."

ಹೊತ್ತು ಮೀರುತ್ತಿದೆ, ಈಗ ಬೇರೆ ಕುದುರೆ ಎಲ್ಲಿಂದ ತರುವುದು? ಹಣಮಂತ್ರಾಯರು ಡಬ್ಬಿಯನ್ನು ನೆಲಕ್ಕೆ ಬಡಿದು, ಇನ್ನೊಮ್ಮೆ ಈ ಊರಿಗೆ ಕಾಲಿಡಬೇಡಿ ಎಂದು ಬೈದು ಹೋಗುತ್ತಾರೆ. ಫೋಟೋದವನು ಬಂದು, "ಚಾಚೀ, ಸರೀರಿ, ಫೋಟೋದಾಗ ಬರಾಕತ್ತೀರಿ" ಎನ್ನುತ್ತಾನೆ. ಅವರು ಸರಿದು, ನುಸಿ ಕೂರದಂತೆ ಬಾಲದ ಹಿಂದೆ ಹಸಿಬಟ್ಟೆ ಬೀಸುತ್ತ ನಡೆಯುತ್ತಾರೆ.

ಚಾಂದನಿ ಮಖಮಲ್ಲಿನ ಕೆಳಗೆ ಅಮೀರುನ್ನಿಸಾರ ಹಳೆ ಸೀರೆ ಹೊದ್ದು, ತಲೆ ತಗ್ಗಿಸಿ, ಗುಡಿಯವರೆಗೂ ತಣ್ಣಗೆ ಹೆಜ್ಜೆ ಹಾಕುತ್ತದೆ. ಬ್ಯಾಂಡು ಎಷ್ಟು ಬಡಿದರೂ ಕಾಲು ಎತ್ತುವುದಿಲ್ಲ, ಬೆನ್ನು ತಿರುಚುವುದಿಲ್ಲ. ಮುಂದೆ ಕುಣಿಯುತ್ತಿದ್ದ ತರುಣರಿಗೆ ಸಿಟ್ಟು. "ಎಂಥಾ ಕುದುರಿ ತಂದಾರಲೇ, ಕುಣಿಯಂಗೇ ಇಲ್ಲ" ಎಂದು ಒಬ್ಬ ಎಲ್ಲರಿಗೂ ಕೇಳುವಂತೆ ಬೈಯುತ್ತಾನೆ.

ಅದು ಅಮೀರುನ್ನಿಸಾರ ಕಿವಿಗೂ ಬೀಳುತ್ತದೆ. ಸ್ಪ್ರೇ ಡಬ್ಬಿ ಕಂಡಾಗಿನಿಂದ ಬಿಗಿದುಕೊಂಡಿದ್ದ ಮುಖದಲ್ಲಿ ಆಗ ನಗು ಕಾಣಿಸುತ್ತದೆ.

"ಕೇಳಿದ್ರೇನ್ರಿ ಅಕ್ಕಾರೆ? ಕುಣೀಲಿಲ್ಲಂತ. ಮೈ ಕಡೀಲಿಲ್ಲಂದ್ರ ಅದ್ಯಾಕ ಕುಣೀತದರಿ."