ಬೇರೆ ಕರುವಿನ ಹಾಲು

ನಮ್ಮ ಅಗ್ರಹಾರದಲ್ಲಿ ಒಬ್ಬನೇ ಗಂಡನನ್ನು ಎರಡು ಸಲ ಮದುವೆಯಾದವಳೆಂದರೆ ಪೇರಮ್ಮ ಒಬ್ಬಳೇ. ಹೀಗಂದರೆ ಹೊರಗಿನವರು ನಗುತ್ತಾರೆ. ನಗಲಿ ಬಿಡಿ. ಗೋದಾವರಿಯ ಈ ಕಡೆಯವರು ಯಾರೂ ಆ ಮಾತಿಗೆ ನಗುವುದಿಲ್ಲ.

ಪೇರಮ್ಮನ ಗಂಡ ಕಾಮೇಶ್ವರ ಸೋಮಯಾಜಿ ಮನೆಯಲ್ಲಿ ಮೂರು ಅಗ್ನಿಗಳನ್ನಿಟ್ಟ ದಿನದಿಂದ ಅವಳು ಊರಗಡಿಯಾಚೆ ಒಂದು ದಿನವೂ ಉಳಿದವಳಲ್ಲ. ದಂಪತಿ ಇಬ್ಬರೂ ಒಟ್ಟಿಗೆ ಗಡಿ ದಾಟಿದರೆ ಅಗ್ನಿ ಕೆಟ್ಟ ಹಾಗೆ. ತವರಿನ ಮದುವೆ ಮುಂಜಿಗಳೆಲ್ಲ ಅವಳಿಲ್ಲದೆಯೇ ನಡೆದವು. ಮಕ್ಕಳಿಲ್ಲದ ಮನೆ. ಬೆಳಿಗ್ಗೆ ಸಂಜೆ ಹಾಲೆರೆಸಿಕೊಳ್ಳುವ ಆ ಬೆಂಕಿಯನ್ನೇ ಮಗುವಿನ ಹಾಗೆ ಸಾಕಿದಳು. ಕೊನೆಗೊಂದು ದಿನ ಸೋಮಯಾಜಿಯ ದೇಹ ಅದೇ ಬೆಂಕಿಯಲ್ಲಿ ಬೇಯಬೇಕು, ಇಲ್ಲದಿದ್ದರೆ ಆತನಿಗೆ ಮುಂದಿನ ದಾರಿಯಿಲ್ಲ. ಅವಳು ಕಾಯ್ದದ್ದು ಅದಕ್ಕಾಗಿಯೇ.

ಸೋಮಯಾಜಿಗೆ ವೇದವೆಲ್ಲ ಬಾಯಿಪಾಠ, ನಾಲಿಗೆ ಮಾತ್ರ ಸಂತೆಯದು.

"ಪೇರೀ, ಸಾರಿಗೆ ಉಪ್ಪು ಹಾಕಿದ್ಯೋ, ಇಲ್ಲಾ ನಾನೇ ಸಮುದ್ರಕ್ಕೆ ಹೋಗ್ಬರ್‍ಲೋ?"

"ಹೋಗ್ಬನ್ನಿ. ಬರೋವಾಗ ನಿಮ್ಮ ಬಾಯಿಗೊಂದು ಬೀಗಾನೂ ತನ್ನಿ."

ಹೀಗೆ ನಲವತ್ತು ವರ್ಷ ಕಳೆದವು. ಆ ವರ್ಷ ಮಾಘದಲ್ಲಿ ಸೋಮಯಾಜಿ ರಾಜಮಹೇಂದ್ರಿಯ ವೇದಸಭೆಗೆ ಹೋದರು. ಹೋಮದ ಹೊಣೆ ಅವರ ತಮ್ಮ ನರಸಾವಧಾನಿಯ ಮೇಲೆ ಬಿತ್ತು. ದಶಮಿಯ ದಿನ ಅವರು ಮರಳಬೇಕಿದ್ದ ಲಾಂಚು ಕಾಲುವೆಯ ನೀರು ತಡೆಯುವ ಲಾಕಿನ ಹತ್ತಿರ ಮಗುಚಿತು. ಮಧ್ಯಾಹ್ನ ದೋಣಿಯ ಪೋಲಯ್ಯ ಓಡಿ ಬಂದು ಅಂಗಳದಲ್ಲಿ ನಿಂತ. "ಅಯ್ನೋರು ದಡದಾಗೆ ನಿಂತಿದ್ದು ಕಂಡೆ ತಾಯಿ. ಆಮ್ಯಾಕೆ ಕಾಣ್ಲಿಲ್ಲ," ಎಂದ. ಹೆಣಗಳು ಸಿಕ್ಕಿದ್ದವು, ಅವುಗಳಲ್ಲಿ ಸೋಮಯಾಜಿ ಇರಲಿಲ್ಲ.

ಸಂಜೆ ಹೋಮಕ್ಕೆ ಹಾಲು ಕರೆಯಲು ಕೊಟ್ಟಿಗೆಗೆ ಹೋದ ಪೇರಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಹಸು ತನ್ನ ಸ್ವಂತ ಕರುವನ್ನು ಒದ್ದು ಮೂಲೆಗೆ ತಳ್ಳಿತ್ತು. ಪಕ್ಕದ ಮನೆಯ ತಬ್ಬಲಿ ಕರು ಹಗ್ಗ ಹರಿದುಕೊಂಡು ಬಂದು ಕೆಚ್ಚಲಿಗೆ ಬಾಯಿ ಹಚ್ಚಿತ್ತು. ಹಸು ಅದರ ಬೆನ್ನನ್ನು ನೆಕ್ಕುತ್ತಿತ್ತು.

ಹಿಂದಿನಿಂದ ಬಂದ ನರಸಾವಧಾನಿಯ ಮುಖ ಬಿಳಿಚಿಕೊಂಡಿತು. ಅಗ್ನಿಹೋತ್ರಿ ದೂರದ ಊರಲ್ಲಿ ಸತ್ತರೆ, ದೇಹ ಮನೆಗೆ ಬರುವವರೆಗೆ ಅವನ ಅಗ್ನಿಗೆ ಬೇರೆ ಕರುವಿಗೆ ಹಾಲೂಡುವ ಹಸುವಿನ ಹಾಲನ್ನೇ ಎರೆಯಬೇಕು. ಶಾಸ್ತ್ರ ಇವರಿಗೆ ಗೊತ್ತು, ಸರಿ. ಹಸುವಿಗೆ ಯಾರು ಹೇಳಿದರು?

"ಅತ್ತಿಗೆ, ಕಾಕತಾಳೀಯ ಇದು. ಅದನ್ನ ಓಡಿಸಿ, ನಮ್ಮ ಕರು ಬಿಡಿ."

ಬಿಟ್ಟಳು. ಒಂದು ಹನಿ ಇಳಿಯಲಿಲ್ಲ. ತಬ್ಬಲಿ ಕರು ಬಂದೊಡನೆ ಹಾಲು ತಾನಾಗಿ ನೆಲಕ್ಕೆ ಸುರಿಯಿತು. ಹೊತ್ತು ತೆಂಗಿನ ತಲೆಗಳ ಕೆಳಗಿಳಿಯುತ್ತಿತ್ತು.

"ಬದುಕಿರೋ ಅಣ್ಣನಿಗೆ ಈ ಹಾಲೆರೆದ್ರೆ ನಾವೇ ಕೈಯಾರೆ ಕೊಂದ ಹಾಗೆ ಅತ್ತಿಗೆ! ಒಂದು ದಿನ ತಡೀರಿ."

"ಅವರು ಸತ್ತಿದ್ದು, ನಾವು ಎರೀಲಿಲ್ಲ ಅಂದ್ರೆ? ತಮ್ಮ ಬೆಂಕಿ ಸಿಗದೆ ಆ ಮನುಷ್ಯ ಎಲ್ಲಿ ಅಲೀಬೇಕು ಹೇಳಯ್ಯಾ?" ಪೇರಮ್ಮ ಆ ಹಾಲನ್ನೇ ಕರೆದು ಮೈದುನನ ಮುಂದಿಟ್ಟಳು. "ತಪ್ಪಾದ್ರೆ ನನ್ನ ತಲೆ ಮೇಲಿರ್‍ಲಿ. ಎರಿ."

ಅವಧಾನಿ ಸತ್ತವರ ಕರ್ಮಕ್ಕೆ ಮಾಡುವಂತೆ ಜನಿವಾರವನ್ನು ಬಲ ಹೆಗಲಿಗೆ ಬದಲಿಸಿ ಎರೆದ. ಗಾಳಿಯಿರಲಿಲ್ಲ, ಆದರೂ ಜ್ವಾಲೆ ದಕ್ಷಿಣಕ್ಕೆ ವಾಲಿತು. ಚುರ್ ಎನ್ನಬೇಕಾದ ಹಾಲು ಸದ್ದೇ ಇಲ್ಲದೆ ಒಳಗಿಳಿಯಿತು, ಯಾರೋ ಕುಡಿದಂತೆ. ಬೆಳಿಗ್ಗೆ, ಸಂಜೆ, ಹೀಗೆ ಮೂರು ದಿನ ಎರೆದರು.

ನಾಲ್ಕನೆಯ ಬೆಳಿಗ್ಗೆ ಪೇರಮ್ಮ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾಗ ಕಾಲುವೆಯ ಏರಿಯ ಮೇಲೆ ಸೋಮಯಾಜಿ ನಡೆದು ಬಂದರು. ಒಣ ಪಂಚೆ, ಹೆಗಲ ಮೇಲೆ ಗಂಟು. ಹೊಸಿಲ ಹೊರಗೇ ನಿಂತರು.

"ಒಳಗೆ ಕಾಲಿಡೋಕೆ ಆಗ್ತಿಲ್ಲ ಪೇರೀ. ಯಾರೋ ಎದೆಗೆ ಕೈಯಿಟ್ಟು ತಡೆದಂಗಿದೆ."

"ಎಲ್ಲಿದ್ರಿ?"

"ದಡದಲ್ಲೇ ತಲೆ ಸುತ್ತಿ ಬಿದ್ದೆ. ಯಾರೋ ಛತ್ರಕ್ಕೆ ಹಾಕಿದ್ರು. ಮೂರು ದಿನದಿಂದ ಹೊತ್ತು ಹೊತ್ತಿಗೂ ಬಾಯಲ್ಲಿ ಹಾಲಿನ ರುಚಿ ಕಣೇ. ಒಂದೊಂದು ಗುಟುಕಿಗೂ ಒಂದೊಂದು ಮರ್ತು ಹೋಗ್ತಿತ್ತು. ನಮ್ಮಮ್ಮನ ಮುಖ ಹೋಯ್ತು, ಈ ಬೀದಿ ಹೋಯ್ತು. ನೀನೂ ಹೋಗೋದ್ರೊಳಗೆ ಮನೆ ಸೇರ್‍ಬೇಕು ಅಂತ ದಾರಿ ಕೇಳ್ಕೊಂಡು ಕೇಳ್ಕೊಂಡು ಓಡಿ ಬಂದೆ."

ಪೇರಮ್ಮ ಚೊಂಬನ್ನು ಅಲ್ಲೇ ಬಿಟ್ಟು ಮೈದುನನನ್ನು ಕೂಗಿ ಕರೆದಳು.

ಹಿರಿಯರು ಸೇರಿದರು. ಸತ್ತನೆಂದು ಕರ್ಮ ಮಾಡಿಸಿಕೊಂಡವನು ಮರಳಿದರೆ ಹಾಗೇ ಒಳಗೆ ಬರುವಂತಿಲ್ಲ, ಮತ್ತೆ ಹುಟ್ಟಬೇಕು. ತುಪ್ಪ ಬೆರೆಸಿದ ನೀರಿನ ಕೊಪ್ಪರಿಗೆಯಲ್ಲಿ, ಬಸಿರಿನ ಕೂಸಿನಂತೆ ಮುಷ್ಟಿ ಕಟ್ಟಿ ಕೂರಬೇಕು. ಎದ್ದ ಮೇಲೆ ಜಾತಕರ್ಮ, ನಾಮಕರಣ, ಮುಂಜಿ. ಆಮೇಲೆ ಅದೇ ಹೆಂಡತಿಯನ್ನು ಮತ್ತೆ ಮದುವೆಯಾಗಿ ಹೊಸದಾಗಿ ಬೆಂಕಿ ಕಡೆಯಬೇಕು. ಪೇರಮ್ಮ ಮನೆಮನೆಗೆ ಹೋಗಿ ತುಪ್ಪ ಬೇಡಿ ತಂದಳು. ಅವಳ ಪಾಲಿಗೆ ಅದಕ್ಕಿಂತ ಭಾಗ್ಯವೇ ಇರಲಿಲ್ಲ. ಗಂಡ ಬದುಕಿದ್ದಾರೆ, ಇನ್ನೇನು ಬೇಕು?

ಕೊಪ್ಪರಿಗೆಗೆ ಇಳಿಯುವ ಮುಂಚೆ ಸೋಮಯಾಜಿ ಕಣ್ಣು ಮಿಟುಕಿಸಿದರು. "ಹುಷಾರು ಕಣೇ, ಎರಡನೇ ಸಲ ಹೆಣ್ಣು ನೋಡಿ ಒಪ್ತೀನೋ ಇಲ್ವೋ!"

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಪೇರಮ್ಮ ನಾಚಿ ಸೆರಗು ಎಳೆದುಕೊಂಡಳು.

ಮಂತ್ರ ಮುಗಿಯುವವರೆಗೆ ಕೊಪ್ಪರಿಗೆಯಿಂದ ಉಸಿರಿನ ಸದ್ದೂ ಬರಲಿಲ್ಲ. ಎತ್ತಿ ನಿಲ್ಲಿಸಿದಾಗ ಆ ಅರವತ್ತರ ಗಂಡಸಿನ ಬಾಯಿಂದ ಎಳೆಗೂಸಿನ ಸಣ್ಣ ಅಳು ಹೊರಟಿತು. ಆಮೇಲೆ ಯಾರೂ ನಗಲಿಲ್ಲ.

ಮುಂಜಿಯಾಯಿತು. ಪರೀಕ್ಷೆಗೆಂದು ಅವಧಾನಿ ಮಂತ್ರದ ಒಂದು ತುದಿ ಎತ್ತಿಕೊಟ್ಟ. ಉಳಿದದ್ದು ಒಂದು ಸ್ವರವೂ ತಪ್ಪದೆ ಬಂತು. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಗೋಧೂಳಿಯಲ್ಲಿ ಅಂತರಪಟ ಸರಿಯಿತು. ಜೀರಿಗೆ ಬೆಲ್ಲ ಹಿಡಿದ ಸೋಮಯಾಜಿ ಎದುರಿಗಿದ್ದ ನರೆಗೂದಲ ಮದುಮಗಳನ್ನು ನೋಡಿದರು. ಬಹಳ ಹೊತ್ತು, ಬಹಳ ಮರ್ಯಾದೆಯಿಂದ ನೋಡಿದರು. ಆಮೇಲೆ ತಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಅವಧಾನಿಗಳೇ, ಈ ತಾಯಿ ಯಾರ ಮನೆಯವರು? ಪಾಪ, ತುಂಬಾ ಅತ್ತಿದ್ದಾರೆ."

ಪೇರಮ್ಮನೇ ಕೈ ಚಾಚಿ ಆತನ ತಲೆಯ ಮೇಲೆ ಜೀರಿಗೆ ಬೆಲ್ಲ ಇಟ್ಟಳು. "ಇನ್ಮೇಲೆ ನಿಮ್ಮ ಮನೆಯವಳೇ," ಎಂದಳು.

ಒಂಬತ್ತು ವರ್ಷ ಬಾಳಿದರು. ಆತ ಎಂದೂ ದನಿ ಎತ್ತಲಿಲ್ಲ, ಏಕವಚನ ಆಡಲಿಲ್ಲ, ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡರು. ಸತ್ತಾಗ ವಿಧಿಯಂತೆ ಮನೆಯ ಬೆಂಕಿಯಲ್ಲೇ ಬೆಂದರು. ಅವಳು ಬಯಸಿದ್ದೆಲ್ಲ ಚಾಚೂ ತಪ್ಪದೆ ನಡೆಯಿತು.

ಹದಿಮೂರನೆಯ ದಿನ ಕಳೆದ ಮೇಲೆ ಪೇರಮ್ಮ ಮೈದುನನನ್ನು ಕೂರಿಸಿಕೊಂಡು ಕೇಳಿದಳು: "ಇವರ ತಿಥಿ ಗೊತ್ತಾಯ್ತು. ಆ ನನ್ನ ಮೊದಲನೆಯವರಿಗೆ ಯಾವತ್ತು ಅಳ್ಲಯ್ಯಾ ನಾನು?"

ನರಸಾವಧಾನಿ ಪಂಚಾಂಗ ಮಡಿಚಿಟ್ಟು, ಅತ್ತಿಗೆಯ ಕಾಲ ಬಳಿ ಕೂತು ತಾನೇ ಅಳತೊಡಗಿದ.