ಬಿಸಿಯಾಗುವ ತನಕ ಎಲ್ಲವೂ ಒಳ್ಳೆಯವೇ

ಅವರ ಎಡ ಮಣಿಕಟ್ಟಿನ ಒಳಭಾಗದಲ್ಲಿ ಕಾಸಗಲದ ಕಂದು ಕಲೆಯೊಂದಿತ್ತು. ಎಡಗೈಯೇ ಎಂದು ಆಣೆ ಮಾಡಿ ಹೇಳಲಾರೆ. ಅದು ಲ್ಯಾಪ್‌ಟಾಪಿನ ಶಾಖಕ್ಕೆ ಆದದ್ದು ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಆದರೆ ಹಾಗೆಂದು ಅವರ ಬಾಯಿಂದ ಕೇಳಿದ ನೆನಪಿಲ್ಲ. ಒಗ್ಗರಣೆಯ ಎಣ್ಣೆ ಸಿಡಿದು ಆದದ್ದೂ ಇರಬಹುದು. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಸತ್ತವರ ಬಗ್ಗೆ ಪ್ರೀತಿಯಿಂದ ಬರೆದದ್ದನ್ನು ಮೊದಲು ಅನುಮಾನಿಸಬೇಕು ಎಂದು ಅಲ್ಲಿ ಕಲಿಸಿದ್ದರು. ಈಗ ನಾನೇ ಹಾಗೆ ಬರೆಯಲು ಕೂತಿದ್ದೇನೆ. ಆದ್ದರಿಂದ ಇಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ತುಂಬಿಕೊಂಡದ್ದು ಎಂಬುದು ನನಗೂ ಪೂರ್ತಿ ಗೊತ್ತಿಲ್ಲ.

ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು, ಕುಮಾರಸ್ವಾಮಿ ಲೇಔಟಿನ ಮನೆಯ ಮಹಡಿಯಲ್ಲಿ ಕೂತು ಕನ್ನಡದಲ್ಲಿ ಗೇಮಿಂಗ್ ಲ್ಯಾಪ್‌ಟಾಪ್‌ಗಳ ವಿಮರ್ಶೆಯ ವಿಡಿಯೋ ಮಾಡುತ್ತಿದ್ದರು. ತೀರಾ ದುಬಾರಿಯವನ್ನು ಮುಟ್ಟುತ್ತಿರಲಿಲ್ಲ. "ಅವನ್ನ ತಗೊಳ್ಳೋರಿಗೆ ನನ್ ಮಾತು ಯಾಕೆ? ಕೆಟ್ಟರೆ ಇನ್ನೊಂದು ತಗೋತಾರೆ. ಒಂದೇ ಸಲ ತಗೊಂಡು ಅದರಲ್ಲೇ ಓದಿ, ಅದರಲ್ಲೇ ಆಡಿ, ಅದರಲ್ಲೇ ಕೆಲಸ ಹುಡುಕಬೇಕಲ್ಲ, ಅಂಥೋರಿಗೆ ಮಾಡ್ತೀನಿ" ಎನ್ನುತ್ತಿದ್ದರು.

ನಾನು ಆಗ ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದೆ. ಪಿಎಚ್‌ಡಿ ಅರ್ಧಕ್ಕೆ ಬಿಟ್ಟಿದ್ದೆ. ಯಾರು ಏನು ಹೇಳಿದರೂ ಆಧಾರ ಕೇಳುವ ಚಟವನ್ನು ಮಾತ್ರ ಬಿಟ್ಟಿರಲಿಲ್ಲ. ಅವರ ವಿಡಿಯೋದ ಕೆಳಗೆ "ಈ ಲ್ಯಾಪ್‌ಟಾಪ್ ತುಂಬಾ ಬಿಸಿಯಾಗುತ್ತೆ ಅಂತೀರಲ್ಲ, ಆಧಾರ ಏನು?" ಎಂದು ಕೊಂಕಾಗಿ ಬರೆದೆ. ಉತ್ತರ ತಕ್ಷಣ ಬಂತು: "ಬಂದು ಕೈ ಇಟ್ಟು ನೋಡು. ಬರುವಾಗ ಊಟ ಮಾಡಿಕೊಂಡು ಬರಬೇಡ." ಅದರ ಕೆಳಗೆ ಮನೆಯ ವಿಳಾಸ. ಹೋದೆ. ಬದನೆಕಾಯಿ ಹುಳಿ, ಹಪ್ಪಳ. ಹಾಗೆ ಹೋದವನು ಅವರ ವಿಡಿಯೋಗಳಿಗೆ ಮಾತು ಬರೆದುಕೊಡುವವನಾಗಿ ಅಲ್ಲೇ ಉಳಿದೆ, ಅವರ ಬಾಯಲ್ಲಿ 'ಎಂ.ಎ.' ಆದೆ.

ಅವರ ಪರೀಕ್ಷೆ ನಡೆಯುತ್ತಿದ್ದುದು ಮಧ್ಯಾಹ್ನದ ಊಟವಾದ ಮೇಲೆ, ಹತ್ತಿಯ ಹಾಸಿಗೆಯ ಮೇಲೆ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಬೇರೆ ವಿಮರ್ಶಕರು ಎಸಿ ಕೋಣೆಯಲ್ಲಿ, ಮರದ ಮೇಜಿನ ಮೇಲಿಟ್ಟು ಅಳೆಯುತ್ತಾರಲ್ಲ ಎಂದರೆ ನಗುತ್ತಿದ್ದರು. "ನಿನ್ ಪಿಜೀಲಿ ಟೇಬಲ್ ಇದೆಯೇನಪ್ಪಾ, ಎಂ.ಎ.?" ಇರಲಿಲ್ಲ. ಹುಡುಗರೆಲ್ಲ ಮಂಚದ ಮೇಲೆಯೇ ಆಡುತ್ತಿದ್ದರು, ಕೆಳಗಿನ ಗಾಳಿಯ ಕಿಂಡಿಗಳನ್ನು ಹಾಸಿಗೆ ಮುಚ್ಚಿಬಿಡುತ್ತಿತ್ತು. ಮೇಡಂ ಥರ್ಮಾಮೀಟರ್ ಇಡುತ್ತಿದ್ದರು, ಸಂಖ್ಯೆಗಳನ್ನೂ ಹೇಳುತ್ತಿದ್ದರು. ಆದರೆ ಕೊನೆಗೆ, ಮಗುವಿನ ಹಾಲು ಎಷ್ಟು ಬಿಸಿ ಎಂದು ನೋಡುವ ಹಾಗೆ, ಮಣಿಕಟ್ಟಿನ ಒಳಭಾಗವನ್ನು ಕೀಬೋರ್ಡಿನ ಮೇಲಿಟ್ಟು ಹಾಗೇ ಹಿಡಿಯುತ್ತಿದ್ದರು. ಆಮೇಲಷ್ಟೇ ತೀರ್ಪು. "ಬಿಸಿ ಆಗೋ ತನಕ ಎಲ್ಲಾನೂ ಒಳ್ಳೆಯವೇ ಕಣಪ್ಪಾ" ಎನ್ನುವುದು ಅವರ ಮಾತು.

ಬಿಸಿ ಮಾಡುವ ದಾರಿ ಆಟ. ಅದನ್ನು ಅವರು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಗೊತ್ತಿಲ್ಲದ ಹುಡುಗರ ಜೊತೆ ಆನ್‌ಲೈನಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದರು. ಒಮ್ಮೆ ಆ ಕಡೆಯಿಂದ ಒಬ್ಬ, ಹೆಡ್‌ಫೋನಿನ ಆಚೆ ನನಗೂ ಕೇಳುವಂತೆ, ಕೂಗಿದ:

"ಗುರು, ಯಾರದೋ ಮನೆ ಆಂಟಿ ಮೈಕಲ್ಲಿ ಮಾತಾಡ್ತಿದಾರೆ! ಆಂಟಿ, ಅಡುಗೆ ಆಯ್ತಾ?"

"ಆಯ್ತು ಮಗಾ. ಬಡಿಸೋಕೇ ಬರ್ತಿದೀನಿ. ಹಿಂದೆ ತಿರುಗು."

ಅವನು ತಿರುಗುವಷ್ಟರಲ್ಲಿ ಸತ್ತಿದ್ದ. "ಅಯ್ಯೋ, ಸಖತ್ ಆಂಟಿ!" ಎಂದು ಇನ್ನೊಬ್ಬ ಕಿರುಚಿದ. ಮೇಡಂ ಮುಖದಲ್ಲಿ ನಗುವಿರಲಿಲ್ಲ. ಕೀಬೋರ್ಡಿನ ಮೇಲೆ ಮಣಿಕಟ್ಟಿಟ್ಟು, "ಸುಡಕ್ಕೆ ಶುರುವಾಯ್ತು. ಬರ್ಕೋ" ಎಂದರು.

ಕ್ಯಾಮೆರಾ ಹಿಡಿಯುತ್ತಿದ್ದವನು, ಚಾನೆಲ್ಲಿನ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಅವರ ತಮ್ಮನ ಮಗ. ಅವರನ್ನು ಅತ್ತೆ ಎನ್ನುತ್ತಿದ್ದ, ಅದೇ ಮನೆಯಲ್ಲಿ ಬೆಳೆದವನು. ಕಂಪನಿಗಳು ಪರೀಕ್ಷೆಗೆಂದು ಸ್ವಲ್ಪ ದಿನದ ಮಟ್ಟಿಗೆ ಲ್ಯಾಪ್‌ಟಾಪ್ ಕಳಿಸುತ್ತವೆ, ಕೇಳಿದ ದಿನ ಹಿಂದಿರುಗಿಸಬೇಕು. ಪೆಟ್ಟಿಗೆಯ ಮೊಹರು ಒಡೆಯದೇ ಇರುವುದನ್ನು ಕ್ಯಾಮೆರಾಗೆ ತೋರಿಸಿ, ಆಮೇಲೆ ಕತ್ತರಿ ಹಾಕುವುದು ಈ ಲೋಕದ ಸಂಪ್ರದಾಯ. ಮೇಡಂ ಅದನ್ನು ಮಡಿಯಂತೆ ಪಾಲಿಸುತ್ತಿದ್ದರು. ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ, "ನೋಡ್ಕೊಳ್ಳಿ, ಯಾರೂ ಮುಟ್ಟಿಲ್ಲ" ಎನ್ನುತ್ತಿದ್ದರು. ಎಲ್ಲವನ್ನೂ ಅನುಮಾನಿಸುತ್ತಿದ್ದ ಮೇಡಂ, ನಾನು ಇಬ್ಬರೂ ಆ ಮೊಹರನ್ನು ಮಾತ್ರ ಅನುಮಾನಿಸಲಿಲ್ಲ. ಪೆಟ್ಟಿಗೆ ಕಟ್ಟಿದ ಮೇಲೆ ಯಾರೂ ಬಿಚ್ಚಿಲ್ಲ ಎಂಬುದನ್ನಷ್ಟೇ ಮೊಹರು ಹೇಳುತ್ತದೆ. ಒಳಗೆ ಏನಿಟ್ಟು ಕಟ್ಟಿದರು ಎಂಬುದನ್ನಲ್ಲ.

ಆ ವರ್ಷ ಒಂದು ಲ್ಯಾಪ್‌ಟಾಪ್ ಬಂತು. ಬೆಲೆ ಕೈಗೆಟುಕುವಂಥದ್ದು, ಅಂದವೂ ಇತ್ತು. ಹಾಸಿಗೆಯ ಮೇಲೆ ಮಧ್ಯಾಹ್ನವಿಡೀ ಆಡಿದರೂ ಅದು ಬೆಚ್ಚಗಾಯಿತೇ ಹೊರತು ಸುಡಲಿಲ್ಲ, ನಿಧಾನವೂ ಆಗಲಿಲ್ಲ. ಮೇಡಂ ಎರಡೆರಡು ಸಲ ಮಣಿಕಟ್ಟಿಟ್ಟು ನೋಡಿದರು. ಆಮೇಲೆ, ನಾನು ಬರೆದುಕೊಟ್ಟಿರದ ಒಂದು ಮಾತನ್ನು ಕ್ಯಾಮೆರಾ ಮುಂದೆ ಹೇಳಿಬಿಟ್ಟರು: "ಇದನ್ನ ಕಣ್ಮುಚ್ಚಿ ತಗೊಳ್ಳಿ." ಯಾವ ಲ್ಯಾಪ್‌ಟಾಪ್ ಬಗ್ಗೆಯೂ ಅವರು ಅದುವರೆಗೆ ಹಾಗೆ ಹೇಳಿರಲಿಲ್ಲ. ನೋಡುವವರಿಗೂ ಅದು ಗೊತ್ತಿತ್ತು. ಅದಕ್ಕೇ ನಂಬಿದರು, ಅದಕ್ಕೇ ಕೊಂಡರು.

ಕೆಲವು ವಾರಗಳ ನಂತರ ಅರೆಕೆರೆಯಿಂದ ಒಬ್ಬ ತಂದೆ ಮಗಳ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಮನೆಗೇ ಬಂದರು. ಬೈಕಿನಲ್ಲಿ ಬಂದವರ ಹೆಲ್ಮೆಟ್ ಇನ್ನೂ ತಲೆಯ ಮೇಲಿತ್ತು.

"ಮೇಡಂ, ನೀವು ಹೇಳಿದ್ದೇ ತಗೊಂಡಿದೀನಿ. ಮಗಳು ಆರ್ಕಿಟೆಕ್ಚರ್ ಓದ್ತಾಳೆ. ಡ್ರಾಯಿಂಗ್ ತೆಗೆದ್ರೆ ನಿಂತೇ ಹೋಗುತ್ತೆ. ಕೈ ಇಡಕ್ಕಾಗಲ್ಲ. ಅಂಗಡಿಯವರು ಇದು ಹೀಗೇ ಅಂತಾರೆ. ಏನ್ ಮೇಡಂ, ಎಷ್ಟು ಕೊಟ್ರು ನಿಮಗೆ?"

"ಹೆಲ್ಮೆಟ್ ತೆಗೀರಿ, ಕೂತ್ಕೊಳ್ಳಿ" ಎಂದರು ಮೇಡಂ. ಕಂಪನಿ ಕಳಿಸಿದ್ದು ಇನ್ನೂ ನಮ್ಮಲ್ಲೇ ಇತ್ತು. ಎರಡನ್ನೂ ಹಾಸಿಗೆಯ ಮೇಲೆ ಪಕ್ಕಪಕ್ಕ ಇಟ್ಟು ಒಂದೇ ಆಟ ಹಚ್ಚಿದರು. ಹೆಸರು ಒಂದೇ, ಬಣ್ಣ ಒಂದೇ. ಒಂದು ಬೆಚ್ಚಗಿತ್ತು. ಇನ್ನೊಂದರ ಚಿತ್ರ ಸ್ವಲ್ಪ ಹೊತ್ತಿಗೆ ತಡವರಿಸತೊಡಗಿತು, ಕೀಬೋರ್ಡು ಸುಟ್ಟಿತು. ತಂದೆಯ ಅಪ್ಪಣೆ ಕೇಳಿ ಹಿಂಬದಿಯ ಮುಚ್ಚಳ ಬಿಚ್ಚಿದರು. ಶಾಖ ಹೊರಹಾಕುವ ತಾಮ್ರದ ಕೊಳವೆ ನಮ್ಮದರಲ್ಲಿದ್ದದ್ದಕ್ಕಿಂತ ಒಂದು ಕಡಿಮೆ. ಚಿತ್ರ ಮೂಡಿಸುವ ಚಿಪ್‌ಗೆ ಹರಿಯುವ ವಿದ್ಯುತ್ತೂ ಕಡಿಮೆ. ಒಂದೇ ಹೆಸರಿನಲ್ಲಿ ಎರಡು ಬಗೆ ಮಾಡಿ, ವಿಮರ್ಶಕರಿಗೆ ಒಳ್ಳೆಯದನ್ನು ಕಳಿಸಿ, ಅಂಗಡಿಗೆ ಮತ್ತೊಂದನ್ನು ಕಳಿಸಿದ್ದರು. ಬೇಕೆಂದೇ ಮಾಡಿದರೋ, ಯಾರದೋ ಅಜಾಗರೂಕತೆಯೋ, ನನಗೆ ಇಂದಿಗೂ ಗೊತ್ತಿಲ್ಲ. ಆಗಲೇ ಫೋನ್ ಮಾಡಿ ಕೇಳಿದಾಗ ಕಂಪನಿಯವರು, ಒಳಗಿನ ಭಾಗಗಳು ಬದಲಾಗಬಹುದೆಂದು ಪೆಟ್ಟಿಗೆಯ ಮೇಲೇ ಅಚ್ಚಾಗಿದೆ ಎಂದರು. ಅಚ್ಚಾಗಿತ್ತು. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ.

ತಂದೆ ಲ್ಯಾಪ್‌ಟಾಪನ್ನು ಮತ್ತೆ ಚೀಲಕ್ಕೆ ಹಾಕುತ್ತಿದ್ದರು. "ಸ್ವಲ್ಪ ಇರಿ, ಅದನ್ನ ವಿಡಿಯೋದಲ್ಲಿ ತೋರಿಸಬೇಕು" ಎಂದರು ಮೇಡಂ. ಅವತ್ತೇ ಎರಡನ್ನೂ ಹಾಸಿಗೆಯ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕ್ಯಾಮೆರಾ ಮುಂದೆ ಕೂತರು. ನಾನು ಬರೆದುಕೊಡುತ್ತೇನೆಂದರೆ ಬೇಡವೆಂದರು. ಅವರು ಹೇಳಿದ್ದು ನನ್ನ ನೆನಪಿನಲ್ಲಿ ಹೀಗಿದೆ: "ನಾನು ನೋಡಿದ್ದು ಒಂದು, ನೀವು ತಗೊಂಡಿದ್ದು ಇನ್ನೊಂದು. ನಾನು ಅಂಗಡಿಯಿಂದ ತರಿಸಿ ನೋಡಬೇಕಿತ್ತು, ನೋಡ್ಲಿಲ್ಲ. ಇನ್ನೂ ತಗೊಂಡಿಲ್ಲ ಅಂದ್ರೆ ತಗೋಬೇಡಿ. ತಗೊಂಡಿದ್ರೆ ನನ್ನನ್ನ ಬೈರಿ, ತಪ್ಪಿಲ್ಲ." ಇಷ್ಟು ಚೊಕ್ಕವಾಗಿ ಹೇಳಿದರೋ, ನಾನೇ ಆಮೇಲೆ ಉಜ್ಜಿ ಉಜ್ಜಿ ಹೊಳಪು ಕೊಟ್ಟೆನೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ವಿಡಿಯೋ ಏರಿಸಿ ಆಯ್ತು ಎಂದ ಅವರ ತಮ್ಮನ ಮಗ. ಬೈಗುಳ ಬರುತ್ತದೆಂದು ಕಾಮೆಂಟುಗಳನ್ನು ಮುಚ್ಚಿದ್ದೇನೆ ಎಂದೂ ಹೇಳಿದ. ಮೇಡಂ ತಮ್ಮದೇ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿ ನೋಡಿದರು, ನಾನೂ ಪಕ್ಕದಲ್ಲಿದ್ದೆ. ಮಧ್ಯಾಹ್ನ ಕಂಪನಿಯ ಕಡೆಯವರು ಬಂದು ತಮ್ಮ ಲ್ಯಾಪ್‌ಟಾಪ್ ಕೇಳಿದರು. ಕೇಳಿದ ದಿನ ಕೊಡಬೇಕೆಂಬುದು ನಿಯಮ. ಮೇಡಂ ಒರೆಸಿ, ಪೆಟ್ಟಿಗೆಗೆ ಹಾಕಿ ಕೊಟ್ಟರು. ಸಂಜೆ ಅವರ ತಮ್ಮನ ಮಗ ಮುಖ ಬಿಳಿಚಿಕೊಂಡು ಮಹಡಿಗೆ ಬಂದ.

"ಅತ್ತೆ, ಲಾಯರ್ ನೋಟಿಸ್ ಕಳಿಸ್ತಾರಂತೆ. ಫೋನ್ ಬಂದಿತ್ತು."

"ಕಳಿಸ್ಲಿ ಬಿಡೋ. ಎರಡನ್ನೂ ತಗೊಂಡು ಕೋರ್ಟಿಗೆ ಹೋಗ್ತೀನಿ. ಜಡ್ಜೇ ಕೈ ಇಟ್ಟು ನೋಡ್ಲಿ."

"ಯಾವ ಎರಡು ಅತ್ತೆ? ಅವರದ್ದು ಅವರು ತಗೊಂಡು ಹೋಗಾಯ್ತಲ್ಲ."

ಮೇಡಂ ಹಾಸಿಗೆಯ ಮೇಲೆ ಕೂತರು. ಮರುದಿನ ಆ ವಿಡಿಯೋ ಇರಲಿಲ್ಲ. ಹೊಗಳಿದ್ದು ಹಾಗೇ ಇತ್ತು. ಚಾನೆಲ್ ಅವನ ಹೆಸರಿನಲ್ಲಿತ್ತು. ಮತ್ತೆ ಹಾಕು ಎಂದು ಮೇಡಂ ಕೇಳಿದರು, ಬೈದರು, ಊಟ ಬಿಟ್ಟರು. ಅವನು ಕೈಮುಗಿದು ಅತ್ತ, ಹಾಕಲಿಲ್ಲ. ಅವನ ಭಯ ನಾಟಕವಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಹಾಗೆ ಅನ್ನಿಸುವುದರಿಂದ ನನ್ನ ಸಿಟ್ಟೇನೂ ಇಳಿದಿಲ್ಲ. ಮೇಡಂ ಮತ್ತೆ ಕ್ಯಾಮೆರಾ ಮುಂದೆ ಕೂರಲಿಲ್ಲ. ಅವನೇ ಕೂತ. ಎಸಿ ಬಂತು, ಮರದ ಮೇಜು ಬಂತು. ನಾನು ಬಿಟ್ಟೆ.

ಮರುವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಲ್ಲಿ ನೋಡಿದಾಗ ಮಾತು ತೊದಲುತ್ತಿತ್ತು. "ಅವರಿಗೆ ಗೊತ್ತಾಯ್ತೇನೋ?" ಎಂದು ಕೇಳಿದರು. ಯಾರಿಗೆ ಎಂದು ನಾನು ಕೇಳಬೇಕಾಗಿರಲಿಲ್ಲ. ತಮ್ಮ ಮಾತು ನಂಬಿ ಕೊಳ್ಳಲು ಹೊರಟಿದ್ದವರಿಗೆ. "ಗೊತ್ತಾಗಿದೆ ಮೇಡಂ" ಎಂದೆ. ಯಾವ ಆಧಾರವೂ ಇಲ್ಲದೆ ಹೇಳಿದ ಮಾತು ಅದು. ಅವರು ನಂಬಲಿಲ್ಲವೆಂದು ಕಾಣುತ್ತದೆ, ಮುಖ ಗೋಡೆಯ ಕಡೆ ತಿರುಗಿಸಿದರು.

ಅವರು ತೀರಿಕೊಂಡ ಸುದ್ದಿಯನ್ನು ಚಾನೆಲ್ಲಿನಲ್ಲಿ ಫೋಟೋ ಜೊತೆ ಹಾಕಿದ್ದರು. ಅದರ ಕೆಳಗೆ ಯಾರೋ ಬರೆದಿದ್ದ: "ಓಂ ಶಾಂತಿ ಆಂಟಿ. ನೀವು ಕೊಡಿಸಿದ ಲ್ಯಾಪ್‌ಟಾಪೂ ತೀರಿಕೊಂಡಿದೆ." ಅದಕ್ಕೆ ಬಿದ್ದ ನಗುಮುಖಗಳು ಶ್ರದ್ಧಾಂಜಲಿಗಿಂತ ಹೆಚ್ಚಿದ್ದವು. ಹನ್ನೊಂದನೆಯ ದಿನ ಮನೆಗೆ ಹೋದಾಗ ಅವರ ತಮ್ಮನ ಮಗನಿಗೆ ಅದನ್ನು ತೋರಿಸಿ, ಆ ತಿದ್ದುಪಡಿಯ ವಿಡಿಯೋವನ್ನು ಈಗಲಾದರೂ ಮತ್ತೆ ಹಾಕು ಎಂದೆ.

"ಮತ್ತೆ ಎಲ್ಲಿಂದ ಸಾರ್? ಅದು ಹೊರಗೇ ಬಂದಿರಲಿಲ್ಲ. ಪ್ರೈವೇಟ್ ಇಟ್ಟಿದ್ದೆ. ನಮ್ ಲ್ಯಾಪ್‌ಟಾಪಲ್ಲಿ ಮಾತ್ರ ಕಾಣ್ತಿತ್ತು. ಅತ್ತೆಗೆ ಸಮಾಧಾನ ಆಗ್ಲಿ ಅಂತ ಏರಿಸಿದೀನಿ ಅಂದೆ. ಆಮೇಲೆ ಭಯ ಆಗಿ ಅಳಿಸಿಬಿಟ್ಟೆ."

ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಆದರೆ ನಾನು ಅದನ್ನು ನೋಡಿದ್ದು ಅವರ ಮನೆಯ ಲ್ಯಾಪ್‌ಟಾಪಿನಲ್ಲೇ. ಕಾಮೆಂಟೂ ಮುಚ್ಚಿತ್ತು. ನನ್ನ ನೆನಪು ಅವನ ಮಾತಿಗೂ ಅಷ್ಟೇ ಚೆನ್ನಾಗಿ ಹೊಂದುತ್ತಿತ್ತು. ಹಾಗಾದರೆ ಮೇಡಂ ತಮ್ಮ ಮಾತನ್ನು ಹಿಂತೆಗೆದುಕೊಂಡದ್ದು ಒಂದು ಮಲಗುವ ಕೋಣೆಯೊಳಗೆ, ಮೂರು ಜನರ ಮುಂದೆ ಮಾತ್ರ. ಆ ಯೋಚನೆ ಬಹಳ ತಿಂಗಳು ನನ್ನನ್ನು ಬಿಡಲಿಲ್ಲ. ಅವರ ಪರಿಚಯವಿದ್ದ ಕೆಲವರನ್ನು ಕೇಳಿದೆ. "ಹೌದು ಹೌದು, ನೋಡಿದ ಹಾಗಿದೆ" ಎಂದರು. ಪ್ರೀತಿಯಿದ್ದವರ ಅಂಥ ಸಾಕ್ಷಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊನ್ನೆ ಜಯನಗರದ ಅಂಗಡಿಯೊಂದಕ್ಕೆ ಲ್ಯಾಪ್‌ಟಾಪ್ ನೋಡಲು ಹೋಗಿದ್ದೆ. ಈಗಲೂ ಅಂಗಡಿಯಲ್ಲಿಟ್ಟದ್ದನ್ನೇ ಬಿಸಿ ಮಾಡಿ, ಮಣಿಕಟ್ಟಿಟ್ಟು ನೋಡುತ್ತೇನೆ. ಬದುಕಿನಲ್ಲಿ ಒಂದು ಮಾತನ್ನು ನಂಬುವ ಮುಂಚೆಯೂ ಸ್ವಲ್ಪ ಹೊತ್ತು ಕಾಯುತ್ತೇನೆ. ವಿಶ್ವವಿದ್ಯಾಲಯ ನನಗೆ ಬರೀ ಅನುಮಾನ ಕಲಿಸಿತ್ತು, ಕೈ ಇಟ್ಟು ನೋಡುವುದನ್ನು ಕಲಿಸಿದವರು ಅವರು. ಸೇಲ್ಸ್‌ಮನ್ ನನ್ನನ್ನು ನೋಡಿ ರೇಗಿದ.

"ವಿಡಿಯೋ ನೋಡ್ಕೊಂಡು ಬಂದಿದೀರಾ ಸಾರ್? ಹಿಂಗೇ ಒಂದು ಆಂಟಿ ಇತ್ತು. ನಮ್ ವ್ಯಾಪಾರ ಹಾಳು ಮಾಡ್ತು."

"ಯಾವ ಆಂಟಿ? ಏನು ಮಾಡಿದ್ರು?" ನಾನು ಗೊತ್ತಿಲ್ಲದವನಂತೆ ಕೇಳಿದೆ.

"ಮೊದಲು ಹೊಗಳ್ತು, ಚೆನ್ನಾಗಿ ಹೋಗ್ತಿತ್ತು. ಆಮೇಲೆ ಒಂದಿನ ಹಾಸಿಗೆ ಮೇಲೆ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಕೊಂಡು, ತಗೋಬೇಡಿ ಅಂತು. ಅಮ್ಮ ಮಗ ಬಂದಿದ್ರು ಸಾರ್, ಬಿಲ್ ಹಾಕೋಕೆ ಹೊರಟಿದ್ದೆ. ಹುಡುಗ ಫೋನಲ್ಲಿ ಅದನ್ನ ತೋರಿಸಿದ, ಎದ್ದು ಹೋದ್ರು. ನನ್ ಟಾರ್ಗೆಟ್ ಹೋಯ್ತು."

ಅವನಿಗೆ ಅವರ ಮೇಲೆ ಪ್ರೀತಿಯಿಲ್ಲ, ನಾನು ಯಾರೆಂದೂ ಗೊತ್ತಿಲ್ಲ. ಆದರೂ ಒಬ್ಬನ ಮಾತು ಸಾಲದು. ಎರಡು ದಿನ ಬಿಟ್ಟು, ಅವನು ಇಲ್ಲದ ಹೊತ್ತಿನಲ್ಲಿ ಹೋಗಿ ಬಿಲ್ಲಿಂಗಿನಲ್ಲಿದ್ದ ಹೆಂಗಸನ್ನು ಬೇರೆಯಾಗಿ ಕೇಳಿದೆ. ಎರಡು ಲ್ಯಾಪ್‌ಟಾಪು, ಹಾಸಿಗೆ, ಅಮ್ಮ ಮಗ ಎದ್ದು ಹೋದದ್ದು, ಎಲ್ಲವನ್ನೂ ನಾನು ಬಾಯಿಗೆ ಮಾತು ಹಾಕದೆಯೇ ಆಕೆ ಹೇಳಿದರು. ಆ ವಿಡಿಯೋ ಹೊರಗೆ ಬಂದಿತ್ತು. ಒಂದು ಮನೆಯವರಾದರೂ ಅದನ್ನು ನೋಡಿ, ಆ ಲ್ಯಾಪ್‌ಟಾಪ್ ಕೊಳ್ಳದೆ ಹೋದರು.